ಗೋಡೆಯ ಮೇಲಣ ನ್ಯಾಯ: ಮದರಾಸು ಮೈಸೂರುಗಳ ಚಿತ್ರಪ್ರದರ್ಶನ

ಮದರಾಸಿನ ಸೌಕಾರ್‌ಪೇಟೆಯ ಹೆಸರಿನಲ್ಲಿ ಕನ್ನಡಿಗರಿಗೆ ಚಿರಪರಿಚಿತವಾದ ‘ಸಾಹುಕಾರ’ ಶಬ್ದವೇ ಅಡಗಿದೆ. ಗುಜರಾತಿ, ಮಾರವಾಡಿ ವರ್ತಕರು ನೆಲಸಿದ ಈ ಪೇಟೆಗೂ ಚಿತ್ರಕಲೆಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಪೇಟೆಯ ಪೂರ್ವದಲ್ಲಿ ಹಾದುಹೋಗುವ ಬ್ರಾಡ್‌ವೇ ಬೀದಿಯಲ್ಲಿಯೇ 1850ರಲ್ಲಿ ವೈದ್ಯರಾದ ಅಲೆಕ್ಸಾಂಡರ್ ಹಂಟರ್ ಅವರು ಮದರಾಸಿನ ಕಲಾಶಾಲೆಯನ್ನು ತೆರೆದರು. 1852ರಲ್ಲಿ ಅದನ್ನು ಸರಕಾರವು ವಹಿಸಿಕೊಂಡಿತು. 1855ರಲ್ಲಿ ಕಚ್ಚಾಸರಕು, ಕಲೆ, ಕೈಗಾರಿಕೆಗಳ ದೊಡ್ಡ ವಸ್ತುಪ್ರದರ್ಶನವೊಂದು ನಗರದಲ್ಲಿ ನಡೆಯಿತು. ಮುಂದೆ 1873ರ ಮದರಾಸು ಕಲಾಪ್ರದರ್ಶನದಲ್ಲಿ, ಮಲ್ಲಿಗೆ ಮುಡಿಯುತ್ತಿರುವ ನಾಯರ್ ಸ್ತ್ರೀಯ ಚಿತ್ರಕ್ಕಾಗಿ ರವಿವರ್ಮರು ಗವರ್ನರರ ಚಿನ್ನದ ಪದಕವನ್ನು ಪಡೆದರು. ದೇವರ ಕೋಣೆಯಲ್ಲಿಯೂ ಅರಮನೆಯ ಒಳಾಂಗಣದಲ್ಲಿಯೂ ಇರುತ್ತಿದ್ದ ಚಿತ್ರವು ಹೀಗೆ ಅಪರಿಚಿತರ ಕಣ್ಣಿಗೆ ಬೀಳಲೆಂದೇ ಗೋಡೆಯನ್ನು ಏರಿತು.

ಗೋಡೆಯನ್ನೇರಿದೊಡನೆ ಹೊಸ ಪ್ರಶ್ನೆಯೊಂದು ಹುಟ್ಟಿತು: ಯಾವುದು ಎಲ್ಲಿ? ಈ ಪ್ರಶ್ನೆ ಯೂರೋಪಿನಲ್ಲಿ ಆಗಲೇ ಜಗಳಕ್ಕೆ ಕಾರಣವಾಗಿದ್ದಿತು. ಲಂಡನ್ನಿನ ರಾಯಲ್ ಅಕಾಡೆಮಿಯ ಸಭಾಂಗಣದಲ್ಲಿ ನೆಲದಿಂದ ಸುಮಾರು 8 ಅಡಿಯ ಎತ್ತರದಲ್ಲಿ ಮರದ ಪಟ್ಟಿಯೊಂದು ಸುತ್ತುವರಿದಿತ್ತು. ಆ ರೇಖೆಯ ಮೇಲೆ ಸ್ಥಾನ ಪಡೆದದ್ದು ಗೌರವ. ಸೂರಿನ ಬಳಿಗೆ ಹೋದದ್ದು ಹೆಚ್ಚುಕಡಿಮೆ ಅಜ್ಞಾತವಾಸ. 1784ರಲ್ಲಿ ಗೇನ್ಸ್‌ಬರೋ ತಮ್ಮ ಮೂವರು ರಾಜಕುಮಾರಿಯರ ಚಿತ್ರವನ್ನು ಇನ್ನೂ ಕೆಳಗೆ ತೂಗಹಾಕಬೇಕೆಂದು ಬೇಡಿದರು. ಅಕಾಡೆಮಿ ಒಪ್ಪಲಿಲ್ಲ. ಅವರು ಚಿತ್ರಗಳನ್ನು ಹಿಂತೆಗೆದುಕೊಂಡು, ಮತ್ತೆಂದೂ ಅಲ್ಲಿ ಪ್ರದರ್ಶಿಸಲಿಲ್ಲ. ಚಿತ್ರದ ಮಧ್ಯಬಿಂದುವು ನೆಲದಿಂದ 145–150 ಸೆಂಟಿಮೀಟರ್ ಎತ್ತರದಲ್ಲಿ, ನಿಂತವರ ಕಣ್ಣಿಗೆ ಸಮನಾಗಿರಬೇಕೆಂಬ ಇಂದಿನ ರೂಢಿಯನ್ನು ನೋಡಿದರೆ ಅವರ ಹಟ ಅಕಾರಣವೆನಿಸದು.

ಕನ್ನಡನಾಡಿನಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದ ತಾಣ ಮೈಸೂರಿನ ಜಗನ್ಮೋಹನ ಅರಮನೆ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಈ ಅರಮನೆ ನಾಲ್ವಡಿಯವರ ಕಾಲದಲ್ಲಿ, 1915ರಲ್ಲಿ, ಚಿತ್ರಶಾಲೆಯಾಯಿತು. ಅಲ್ಲಿ 1924ರಲ್ಲಿ ಆಧುನಿಕ ಭಾರತೀಯ ಚಿತ್ರಗಳ ಸಾರ್ವಜನಿಕ ಪ್ರದರ್ಶನವನ್ನು ಅಣಿಗೊಳಿಸಿದವರು, ಮದರಾಸಿನ ಅಡೆಯಾರಿನ ಥಿಯಾಸಫಿಕಲ್ ಸೊಸೈಟಿಯ ನಂಟಿನಿಂದ ಭಾರತಕ್ಕೆ ಬಂದ ಐರಿಷ್ ಕವಿ ಜೇಮ್ಸ್ ಕಸಿನ್ಸ್. 1935ರಲ್ಲಿ ತಿರುವನಂತಪುರದ ಚಿತ್ರಾಲಯಕ್ಕೂ ಅವರದೇ ಮಾರ್ಗದರ್ಶನ. ಅವನೀಂದ್ರನಾಥ ಠಾಕೂರರ ವಂಗಪಂಥವನ್ನು ಎತ್ತಿಹಿಡಿದವರಲ್ಲಿ ಅವರು ಪ್ರಮುಖರು. ಆ ಪಂಥವಾದರೋ ರವಿವರ್ಮರದು ಪರಕೀಯ ರೀತಿಯೆಂದು ಆಕ್ಷೇಪಿಸುತ್ತಿದ್ದಿತು. ಮೈಸೂರಿನಲ್ಲಿ ಇವೆರಡಕ್ಕೂ ಒಂದೇ ಸೂರಿನಡಿ ಎಡೆ ದೊರೆಯಿತು. ಗ್ರಂಥಗಳಲ್ಲಿ ನಡೆದ ವಾದದ ತೀರ್ಪನ್ನು ಹೇಳುವ ಅವಕಾಶ ಹೀಗೆ ನೋಡುಗನ ಪಾಲಿಗೆ ಬಂದಿತು.

ತೂಗಹಾಕುವ ಕ್ರಮಕ್ಕೆ ಎಷ್ಟು ಶಕ್ತಿಯಿದೆಯೆಂಬುದನ್ನು ಇದೇ ಚಿತ್ರಶಾಲೆಯ ಮತ್ತೊಂದು ಕೃತಿ ತೋರಿಸುತ್ತದೆ. ಸಾವಂತವಾಡಿಯ ಎಸ್. ಎಲ್. ಹಳದಣಕರರು (1882–1968) ತಮ್ಮ ಮಗಳನ್ನೇ ಮಾದರಿಯಾಗಿ ನಿಲ್ಲಿಸಿ ಬರೆದ ‘ದೀಪ ಹಿಡಿದ ಹೆಣ್ಣು’ ಯಾರಿಗೆ ತಿಳಿಯದು? ಬೆರಳುಗಳ ನಡುವಿನಿಂದ ಕೆಂಪಾಗಿ ಸೋರುವ ಬೆಳಕು ಅದರ ಜೀವ. ಕೃತಿಯನ್ನು ಕತ್ತಲುಗೊಳಿಸಿದ ಕೋಣೆಯಲ್ಲಿರಿಸಿ ತೋರಿಸುವ ಪದ್ಧತಿ ಬೆಳೆಯಿತು. ಬಯಲಿನ ಬಿಸಿಲಿನಿಂದ ಒಳಗೆ ಬಂದವರಿಗೆ ಹಣತೆ ನಿಜವಾಗಿ ಉರಿಯುತ್ತಿರುವಂತೆ ತೋರಿತು. ಇದು ಜಲವರ್ಣದ ಚಿತ್ರ. ತೀವ್ರ ಬೆಳಕಿಗೆ ಜಲವರ್ಣ ಮಾಸುವುದರಿಂದ, ಅದರ ಮೇಲೆ ಬೀಳುವ ಬೆಳಕು 50 ಲಕ್ಸ್‌ನಷ್ಟಿದ್ದರೆ ಸಾಕೆಂದು ಸಂಗ್ರಹಾಲಯಗಳು ವಿಧಿಸಿಕೊಂಡಿವೆ. ಆದುದರಿಂದ ಮಂದಬೆಳಕು ರಸಕ್ಕೂ ರಕ್ಷಣೆಗೂ ಒಟ್ಟಿಗೆ ಒದಗುತ್ತದೆ.

ಆದರೆ ಈ ಕೀರ್ತಿಯೊಡನೆ ಒಂದು ಅನ್ಯಾಯವೂ ಬೆರೆಯಿತು. ಅನೇಕರು ಇದನ್ನು ರವಿವರ್ಮರ ಚಿತ್ರವೆಂದೇ ನಂಬಿದರು. ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ಈ ಕೃತಿಯೋ 1940ರ ದಶಕದ್ದು. ಅವರ ಪ್ರಸಿದ್ಧ ಕೃತಿಗಳು ಅದೇ ಕಟ್ಟಡದಲ್ಲಿದ್ದುದೇ ಈ ಭ್ರಮೆಗೆ ಕಾರಣವಾಗಿರಬಹುದು. ನೆರೆಯ ಚಿತ್ರವು ಬೆಳಕು ಕೊಡುವಂತೆ ನೆರಳನ್ನೂ ಚೆಲ್ಲಬಲ್ಲುದು.

ಆದಕಾರಣ ಚಿತ್ರಗಳನ್ನು ಅಣಿಗೊಳಿಸುವುದು ಮೊಳೆ, ದಾರ, ಅಳತೆಗೋಲುಗಳಿಗೆ ಮುಗಿಯುವ ಕೆಲಸವಲ್ಲ. ಎತ್ತರ, ಬೆಳಕು, ನೆರೆ, ಹೆಸರು ಎಂಬ ನಾಲ್ಕರಲ್ಲಿ ಮೊದಲ ಮೂರನ್ನು ಕಣ್ಣು ಕೇಳುತ್ತದೆ. ನಾಲ್ಕನೆಯದನ್ನು ಚರಿತ್ರೆ ಕೇಳುತ್ತದೆ. ಚೌಕಟ್ಟಿನ ಕೆಳಗಿನ ಪುಟ್ಟ ಚೀಟಿ, ದೂರದಿಂದ ಬಂದವನೂ ಓದುವಂತೆ ಸ್ಪಷ್ಟವಾಗಿರುವುದು ಕಲಾವಿದನಿಗೆ ಸಲ್ಲಬೇಕಾದ ಋಣ. ಒಬ್ಬನ ಜಮೆಯನ್ನು ಇನ್ನೊಬ್ಬನ ಖಾತೆಗೆ ಬರೆದರೆ ಲೆಕ್ಕ ತಪ್ಪುವುದೆಂಬುದನ್ನು ಸೌಕಾರ್‌ಪೇಟೆಯ ಯಾವ ಗುಮಾಸ್ತನಾದರೂ ಬಲ್ಲನು. ಚಿತ್ರಶಾಲೆಯ ಗೋಡೆಗೂ ಅದೇ ಲೆಕ್ಕ.