ಎರಡು ಇಂಚಿನ ಮಾತು

ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ಗುಡಿಯಲ್ಲಿ ಒಂದು ಕಂಬಕ್ಕೆ ಒರಗಿ ನೀವು, ಪಕ್ಕದ ಕಂಬಕ್ಕೆ ನಾನು ಕೂತಿದ್ದೀವಿ ಅಂದ್ಕೊಳ್ಳಿ. ಇಬ್ಬರ ಕೈಯಲ್ಲೂ 1990ರ ಎಚ್‌ಪಿ 48ಎಸ್‌ಎಕ್ಸ್ ಕ್ಯಾಲ್ಕುಲೇಟರ್. ನಾನು ಬರೆದ ಪ್ರೋಗ್ರಾಂ ನಿಮಗೆ ತಲುಪೋದೇ ಇಲ್ಲ.

ಎಚ್‌ಪಿ ಕ್ಯಾಲ್ಕುಲೇಟರ್‌ಗಳು 1986ರಿಂದಲೇ ಪ್ರಿಂಟರ್‌ಗೆ ಇನ್‌ಫ್ರಾರೆಡ್‌ನಲ್ಲಿ ಅಂಕಿ ಕಳಿಸುತ್ತಿದ್ದವು. ಆದರೆ ಅದು ಒಮ್ಮುಖ. 48ಎಸ್‌ಎಕ್ಸ್ ಕೇಳಿಸಿಕೊಳ್ಳೋದನ್ನೂ ಕಲಿಯಿತು. ಸೆಕೆಂಡಿಗೆ 2400 ಬಿಟ್. ಆದರೆ ಎರಡು ಯಂತ್ರಗಳನ್ನು ತಲೆಗೆ ತಲೆ ಕೊಟ್ಟು ಮಲಗಿಸಬೇಕು. ನಡುವೆ ಎರಡು ಇಂಚು, ಅಷ್ಟೇ.

ಪರೀಕ್ಷೆಯಲ್ಲಿ ನಕಲು ನಡೆಯದಿರಲಿ ಅಂತಲೇ ದೂರ ಕಡಿಮೆ ಮಾಡಿದರು ಅನ್ನೋದು ಬಳಕೆದಾರರಲ್ಲಿ ಓಡಾಡುತ್ತಿದ್ದ ಮಾತು. ಇರಬಹುದು. ಮೂರು ಸಣ್ಣ ಸೆಲ್‌ಗಳ ಮೇಲೆ ಬದುಕೋ ಯಂತ್ರಕ್ಕೆ ಬ್ಯಾಟರಿಯ ಚಿಂತೆಯೂ ಇದ್ದೀತು ಅಂತ ನನ್ನ ಅನುಮಾನ.

ಹವ್ಯಾಸಿಗಳು ಸುಮ್ಮನಿರ್ತಾರಾ? ಅವರ ಮುಂದಿದ್ದ ಲೆಕ್ಕ ಕ್ರೂರವಾದದ್ದು. ದೂರ ಎರಡರಷ್ಟಾದರೆ ತಲುಪುವ ಬೆಳಕು ಕಾಲು ಭಾಗ. 5 ಸೆಂಟಿಮೀಟರನ್ನು 5 ಮೀಟರ್ ಮಾಡಬೇಕೆಂದರೆ 10,000 ಪಟ್ಟು ಬೆಳಕು ಬೇಕು! ಅಷ್ಟನ್ನೂ ಎಲ್‌ಇಡಿಯಿಂದಲೇ ಹಿಂಡಬೇಕಿಲ್ಲ. ಎದುರಿಗೊಂದು ಮಸೂರ ಇಟ್ಟರೆ ಚದುರುವ ಬೆಳಕು ಒಂದೇ ದಿಕ್ಕಿಗೆ ಹೋಗುತ್ತದೆ. ಹೊರಗೊಂದು ಟ್ರಾನ್ಸಿಸ್ಟರ್ ಸೇರಿಸಿ, ಎಲ್‌ಇಡಿಗೆ ಕ್ಷಣಮಾತ್ರ ಜೋರು ಕರೆಂಟ್ ಕೊಡಬಹುದು. ಮಿಣುಕು ಚಿಕ್ಕದಾದ್ದರಿಂದ ಅದು ಸುಡೋದಿಲ್ಲ. ಟಿವಿ ರಿಮೋಟ್ ಬದುಕಿರೋದೂ ಇದೇ ಉಪಾಯದ ಮೇಲೆ. ಅಂದಹಾಗೆ, ಕೆಲವರು ಈ ಕ್ಯಾಲ್ಕುಲೇಟರನ್ನೇ ರಿಮೋಟ್ ಮಾಡಿಕೊಂಡಿದ್ದರು.

ಇಷ್ಟೆಲ್ಲ ಮಾಡಿದ ಮೇಲೆ ಆ ಗುಡಿಯಲ್ಲಿ ನನ್ನ ಪ್ರೋಗ್ರಾಂ ನಿಮಗೆ ಸಿಗಬಹುದು. ನಡುವೆ ಇನ್ನೊಂದು ಕಂಬ ಬಂತೋ, ಮತ್ತೆ ಎದ್ದು ನಿಮ್ಮ ಪಕ್ಕಕ್ಕೇ ಬರಬೇಕು.