ಸಕ್ರಿಯ ಕೆಸರು ವಿಧಾನ: ಒಂದು ಅಳತೆಗೋಲಿನ ಚರಿತ್ರೆ

ನಗರಗಳ ಚರಂಡಿ ನೀರನ್ನು ಶುದ್ಧೀಕರಿಸುವ ವಿಧಾನಗಳಲ್ಲಿ ಆಕ್ಟಿವೇಟೆಡ್ ಸ್ಲಡ್ಜ್ ಅಥವಾ ಸಕ್ರಿಯ ಕೆಸರಿನ ವಿಧಾನವು ಪ್ರಮುಖವಾದುದು. ಅದರ ಸಾಧನೆಯನ್ನು ತೂಗಿನೋಡುವ ಮುನ್ನ, ತೂಗುವ ತಕ್ಕಡಿಯು ಎಲ್ಲಿ, ಯಾವ ಉದ್ದೇಶಕ್ಕಾಗಿ ರೂಪುಗೊಂಡಿತೆಂಬುದನ್ನು ಪರಿಶೀಲಿಸುವುದು ಅವಶ್ಯಕ.

ಈ ವಿಧಾನದ ತವರು ಇಂಗ್ಲೆಂಡಿನ ಮ್ಯಾಂಚೆಸ್ಟರ್. ಅಲ್ಲಿನ ಡೇವಿಹ್ಯೂಮ್ ಶುದ್ಧೀಕರಣಾಗಾರದಲ್ಲಿ ಎಡ್ವರ್ಡ್ ಆರ್ಡನ್ ಹಾಗೂ ವಿಲಿಯಂ ಲಾಕೆಟ್ ಅವರು ಗಿಲ್ಬರ್ಟ್ ಫೌಲರ್ ಅವರ ಪ್ರೇರಣೆಯಿಂದ ಪ್ರಯೋಗಗಳನ್ನು ಕೈಗೊಂಡು, 1914ರ ಏಪ್ರಿಲ್ 3ರಂದು ಫಲಿತಾಂಶವನ್ನು ಮಂಡಿಸಿದರು. ಚರಂಡಿ ನೀರಿಗೆ ಗಾಳಿ ಊದಿದಾಗ ಅದರ ಪೂರ್ಣ ಉತ್ಕರ್ಷಣಕ್ಕೆ ಮೊದಲು ಸುಮಾರು ಐದು ವಾರಗಳು ಹಿಡಿದವು. ತಿಳಿಯನ್ನು ಬಸಿದು, ತಳದ ಕೆಸರನ್ನು ಉಳಿಸಿಕೊಂಡು, ಮತ್ತೆ ಮತ್ತೆ ಹೊಸ ನೀರನ್ನು ಸೇರಿಸುತ್ತ ಹೋದಂತೆ ಈ ಅವಧಿಯು ಒಂದು ದಿನದೊಳಕ್ಕೆ ಇಳಿಯಿತು. ನಿನ್ನೆಯ ಮೊಸರನ್ನು ಇಂದಿನ ಹಾಲಿಗೆ ಹೆಪ್ಪಾಗಿ ಉಳಿಸಿಕೊಳ್ಳುವ ಮನೆವಾರ್ತೆಯ ಕ್ರಮವನ್ನು ಇದು ನೆನಪಿಸುತ್ತದೆ. ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳೇ ಇಲ್ಲಿನ ಹೆಪ್ಪು. ಫೌಲರ್ ಅವರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದುದು ಕರ್ನಾಟಕದ ಮಟ್ಟಿಗೆ ಗಮನಾರ್ಹ ಸಂಗತಿ.

ಅಳತೆಗೋಲಾದರೋ ವಿಧಾನಕ್ಕಿಂತ ಎರಡು ವರ್ಷ ಹಿರಿಯದು. 1898ರಲ್ಲಿ ನೇಮಕಗೊಂಡ ಬ್ರಿಟಿಷ್ ರಾಯಲ್ ಕಮಿಷನ್ 1912ರ ತನ್ನ ಎಂಟನೆಯ ವರದಿಯಲ್ಲಿ, ಹೊರಬಿಡುವ ನೀರಿನ ಜೈವಿಕ ಆಮ್ಲಜನಕ ಬೇಡಿಕೆಯು ಲೀಟರಿಗೆ 20 ಮಿಲಿಗ್ರಾಂ, ತೇಲಾಡುವ ಘನಕಣಗಳು 30 ಮಿಲಿಗ್ರಾಂ ಮೀರಬಾರದೆಂದು ಸೂಚಿಸಿತು. ಆ ನೀರು ಸೇರುವ ಹೊಳೆಯಲ್ಲಿ ಅದರ ಎಂಟುಪಟ್ಟಾದರೂ ನೀರಿರುತ್ತದೆಂಬುದು ಈ ಮಿತಿಯ ಹಿಂದಿನ ಗ್ರಹಿಕೆ. ಇಂಗ್ಲೆಂಡಿನಲ್ಲಿ 65 ಡಿಗ್ರಿ ಫ್ಯಾರನ್‌ಹೀಟಿನಲ್ಲಿ 5 ದಿನ ನಡೆಯುತ್ತಿದ್ದ ಪರೀಕ್ಷೆಯು ಭಾರತದಲ್ಲಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನಗಳದಾಯಿತು. ಹವೆಗೆ ತಕ್ಕಂತೆ ಪರೀಕ್ಷೆ ಬದಲಾಯಿತಾದರೂ ಹೊಳೆಯಿಲ್ಲದ ನೆಲದ ಪ್ರಶ್ನೆ ಹಾಗೆಯೇ ಉಳಿಯಿತು.

ಸರಿಯಾಗಿ ನಡೆಯುವ ಘಟಕವು ಆಮ್ಲಜನಕ ಬೇಡಿಕೆಯನ್ನು ಶೇಕಡಾ 85ರಿಂದ 95ರಷ್ಟು ತಗ್ಗಿಸಬಲ್ಲದು. ಆದರೆ ಸಾಂಪ್ರದಾಯಿಕ ರೂಪದ ಘಟಕದಲ್ಲಿ ಸಾರಜನಕ, ರಂಜಕಗಳು ಭಾಗಶಃ ಮಾತ್ರ ಕಳೆಯುತ್ತವೆ. ಭಾರಲೋಹಗಳು ನಾಶವಾಗದೆ ಬಹುಪಾಲು ಕೆಸರಿಗೆ ಸೇರುತ್ತವೆ. ರೋಗಾಣುಗಳ ನಿವಾರಣೆಗೆ ಪ್ರತ್ಯೇಕ ಸೋಂಕುನಿವಾರಣೆ ಬೇಕು.

ಈ ಮಿತಿಗಳ ಮಹತ್ತ್ವವು ಕೋಲಾರದಲ್ಲಿ ಎದ್ದು ಕಾಣುತ್ತದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರ ಜೂನ್‌ನಲ್ಲಿ ಆ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಯನ್ನು ಸೇರಿತು. ಅಂತರ್ಜಲ ಮರುಪೂರಣವು ಯೋಜನೆಯ ಗುರಿ. ಜುಲೈನಲ್ಲಿ ನೊರೆ ಕಾಣಿಸಿಕೊಂಡಿತು. ಉಚ್ಚ ನ್ಯಾಯಾಲಯವು ನೀರಿನ ಹರಿವಿಗೆ ತಡೆ ನೀಡಿ, ಬಳಿಕ ಅದನ್ನು ತೆರವುಗೊಳಿಸಿತು. ನಿತ್ಯ ಹರಿಯುವ ನದಿಯಿಲ್ಲದ ಈ ಸೀಮೆಯ ಬತ್ತಿದ ಕೆರೆಯಂಗಳದಲ್ಲಿ ಬಂದ ನೀರಿಗೆ ಬೆರೆಯಲು ಎಂಟುಪಟ್ಟು ನೀರೆಲ್ಲಿಯದು? ಬಂದುದು ಅಲ್ಲಿಯೇ ನಿಂತು ಇಂಗುತ್ತದೆ.

ಬಯಲುಸೀಮೆಯ ಜನಪದರು ಕುಡಿಯುವ ನೀರಿಗೆ ಬಾವಿ, ದನಕರುಗಳಿಗೆ ಗೋಕಟ್ಟೆ, ಗದ್ದೆಗೆ ಕೆರೆ ಎಂದು ನೀರನ್ನು ಬಳಕೆಯಿಂದ ವಿಂಗಡಿಸಿದರು. ಘಟಕದ ಬಾಗಿಲಲ್ಲಿ ದೊರೆಯುವ ಶೇಕಡಾವಾರು ಅಂಕಿಯು ಯಂತ್ರದ ದಕ್ಷತೆಯನ್ನಷ್ಟೇ ಹೇಳುತ್ತದೆ. ನೀರು ತಲುಪುವ ಕೆರೆ, ಕೊಳವೆಬಾವಿ, ಹೊಲಗಳಲ್ಲಿಯೂ ಪರೀಕ್ಷೆ ನಡೆದಾಗ ಮಾತ್ರ ಮೌಲ್ಯಮಾಪನವು ಪೂರ್ಣವಾಗುತ್ತದೆ.