ಛಾಯಾಚಿತ್ರವನ್ನು ತೆಗೆದವರ ಮಾತು

ಕಳೆದ ವರ್ಷ ಮಾಘಮಾಸದಲ್ಲಿ ಸಕಲೇಶಪುರದ ಕಡೆಯ ಒಂದು ಪ್ರೌಢಶಾಲೆಯ ಉಪಾಧ್ಯಾಯರು, ಹಿಂದೆ ನನ್ನ ಬಳಿಯಲ್ಲಿಯೇ ಓದಿದವರು, ಒಂದು ಕಟ್ಟು ಕಾಗದಗಳನ್ನು ಮನೆಗೆ ತಂದುಕೊಟ್ಟರು. ಅವರ ಶಾಲೆಯ ಹುಡುಗರೂ ಹುಡುಗಿಯರೂ ಮನೆಯವರ ಮೊಬೈಲುಗಳಿಂದ ತಂತಮ್ಮ ಊರುಗಳ ಛಾಯಾಚಿತ್ರಗಳನ್ನು ತೆಗೆದು, ಒಂದೊಂದು ಚಿತ್ರದ ಕೆಳಗೂ ಅದನ್ನು ತೆಗೆದುದು ಏಕೆ, ಅದು ಕೆಟ್ಟುದು ಎಲ್ಲಿ, ಮತ್ತೊಮ್ಮೆ ತೆಗೆಯುವುದಾದರೆ ಹೇಗೆ ತೆಗೆಯಬೇಕು ಎಂಬುದನ್ನು ಬರೆದಿದ್ದರು. ಚಿತ್ರಗಳ ಗುಣದೋಷ ನನ್ನ ಪಾಲಿನದಲ್ಲ. ಬರಹದ ಕಾಗುಣಿತವನ್ನು ಮಾತ್ರ ತಿದ್ದಿಕೊಡಬೇಕೆಂಬುದೇ ಅವರ ಕೋರಿಕೆಯಾಗಿದ್ದಿತು. ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನು ಓದಿ, ಆಯುಷ್ಯವನ್ನೆಲ್ಲ ಕೆಂಪು ಶಾಯಿಯಲ್ಲಿ ಕಳೆದ ನನ್ನಂಥವನಿಗೆ ಇದು ಹಿತವಾದ ಕೆಲಸವೇ ಸರಿ. ಆದರೆ ಆ ಟಿಪ್ಪಣಿಗಳನ್ನು ಓದುತ್ತ ಓದುತ್ತ ಕಾಗುಣಿತ ಹಿಂದೆ ಬಿದ್ದು, ನಮ್ಮ ಜಿಲ್ಲೆಯ ಮೊದಲ ಛಾಯಾಗ್ರಾಹಕರ ಕಥೆಯೇ ಮುಂದಕ್ಕೆ ಬಂದು ನಿಂತಿತು. ಅದನ್ನಿಲ್ಲಿ ವಾಚಕರ ಮುಂದಿಡುತ್ತೇನೆ.

ಬೆಂಗಳೂರಿನಲ್ಲಿದ್ದ ಮದರಾಸು ಸೈನ್ಯದ ಅಧಿಕಾರಿ ಲಿನೀಯಸ್ ಟ್ರೈಪ್ ಎಂಬಾತನು ೧೮೫೪ನೆಯ ಇಸವಿಯ ಡಿಸೆಂಬರು ತಿಂಗಳಲ್ಲಿ ರಜೆ ಪಡೆದು ಹಳೇಬೀಡು, ಬೇಲೂರುಗಳಿಗೆ ಬಂದನು. ಆತನು ಈ ವಿದ್ಯೆಯನ್ನು ಕಲಿತು ಆಗ ಎರಡು ಮೂರು ವರ್ಷಗಳಷ್ಟೇ ಆಗಿದ್ದವು. ವಯಸ್ಸು ಮೂವತ್ತು ದಾಟಿದ್ದರೂ ವಿದ್ಯೆಯಲ್ಲಿ ವಿದ್ಯಾರ್ಥಿಯೇ. ಗಾಜಿನ ಫಲಕವಿಲ್ಲ, ಫಿಲಮು ಇಲ್ಲ. ಬೆಳ್ಳಿಯ ಲವಣಗಳಲ್ಲಿ ನೆನೆಸಿದ ಕಾಗದದ ಮೇಲೆ ಬಿಂಬವನ್ನು ಹಿಡಿದು, ಅದರಿಂದ ಮತ್ತೊಂದು ಕಾಗದಕ್ಕೆ ಇಳಿಸಿಕೊಳ್ಳಬೇಕು. ಬೆಳಕಿಗೆ ಕ್ಷಣವಲ್ಲ, ನಿಮಿಷಗಳ ಲೆಕ್ಕ. ಆ ಕಾಗದಕ್ಕೆ ನೀಲಿಯ ಬಣ್ಣವೊಂದೇ ಚೆನ್ನಾಗಿ ಕಾಣುತ್ತಿದ್ದುದರಿಂದ ಆಕಾಶವೆಲ್ಲ ಬರಿದಾಗಿ ಬೆಳ್ಳಗಾಗುತ್ತಿದ್ದಿತು, ಹಸುರೆಲ್ಲ ಮಸಿಯಾಗುತ್ತಿದ್ದಿತು. ನಮ್ಮ ಬೆಟ್ಟದ ಸೀಮೆಗೆ ಆತನು ಬಂದಿದ್ದರೆ ಆ ಕಾಗದ ಇಲ್ಲಿಯ ಕಾಡನ್ನು ಏನು ಮಾಡುತ್ತಿದ್ದಿತೋ ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಹೊಯ್ಸಳರ ಶಿಲೆಗೆ ಮಾತ್ರ ಆ ದೋಷ ಅಷ್ಟಾಗಿ ತಟ್ಟಲಿಲ್ಲ. ಮರುವರ್ಷ ಮದರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಆತನ ಅರುವತ್ತಕ್ಕೂ ಹೆಚ್ಚು ಚಿತ್ರಗಳಿಗೆ ಪ್ರಥಮ ದರ್ಜೆಯ ಪದಕ ದೊರೆಯಿತು. ಅದಾದಮೇಲೆ ಡಾಕ್ಟರ್ ನೀಲ್ ಎಂಬ ವೈದ್ಯನೂ ಹಳೇಬೀಡಿನ ಚಿತ್ರಗಳನ್ನು ತೆಗೆದನು. ಪಿಗೂ, ಬಿಗ್ಸ್ ಎಂಬವರ ಚಿತ್ರಗಳೊಡನೆ ಅವು ಸೇರಿ ೧೮೬೬ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ ಹೊರಬಂದವು. ಅದಕ್ಕೆ ಬರಹ ಮೆಡೋಸ್ ಟೇಲರನದು, ಫರ್ಗುಸನ್ನನದು.

ಟ್ರೈಪನ ವಿಷಯದಲ್ಲಿ ನನಗೆ ಪದಕಕ್ಕಿಂತ ಹೆಚ್ಚು ರುಚಿಸುವುದು ಬೇರೊಂದು ಸಂಗತಿ. ೧೮೫೫ರಲ್ಲಿ ಆತನನ್ನು ಬರ್ಮಾ ದೇಶದ ರಾಜಧಾನಿಗೆ ಹೊರಟ ರಾಯಭಾರದೊಡನೆ ಕಳುಹಿಸಿದರು. ಅಲ್ಲಿ ತೆಗೆದ ೧೨೦ ಚಿತ್ರಗಳನ್ನು ೧೮೫೭ರಲ್ಲಿ ಹೊರಡಿಸಿದಾಗ ಆತನು ಅವುಗಳೊಡನೆ ಒಂದು ಬಿನ್ನಹವನ್ನೂ ಸೇರಿಸಿದನು. ಹವೆ ಕೆಟ್ಟುದಾಗಿದ್ದಿತು, ಮೈಯಲ್ಲಿ ಸ್ವಸ್ಥವಿರಲಿಲ್ಲ, ಕೆಲಸಕ್ಕೆ ಒದಗಿದ ದಿನಗಳು ಕಡಿಮೆ. ಕೆಲವು ಚಿತ್ರಗಳು ಕಲೆಯಲ್ಲಿ ಸೋತಿದ್ದರೂ ವಿಷಯದ ಬೆಲೆಯಿಂದ ಸೇರಿಕೊಂಡಿವೆ ಎಂಬುದು ಅದರ ತಾತ್ಪರ್ಯ. ಸರಕಾರಕ್ಕೆ ಒಪ್ಪಿಸುವ ಕೆಲಸದಲ್ಲಿ ತನ್ನ ಸೋಲನ್ನು ತಾನೇ ಬರೆದಿಡುವವರು ಎಷ್ಟು ಮಂದಿ? ಹಾಗೆಂದು ಆತನನ್ನು ಸತ್ಯಹರಿಶ್ಚಂದ್ರನೆನ್ನುವಂತಿಲ್ಲ. ಬರಿದಾದ ಆಕಾಶದಲ್ಲಿ ಕುಂಚದಿಂದ ಮೋಡಗಳನ್ನು ಬರೆದು ಸೇರಿಸುವ ಅಭ್ಯಾಸವೂ ಆತನಿಗಿದ್ದಿತು! ಆತನು ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಶಾಸನಗಳನ್ನು ಇಪ್ಪತ್ತೊಂದು ಚಿತ್ರಗಳಲ್ಲಿ ತೆಗೆದು, ಒಂದಕ್ಕೊಂದು ಅಂಟಿಸಿ, ಹತ್ತೊಂಬತ್ತು ಅಡಿಗಳ ಉದ್ದದ ಪಟವನ್ನಾಗಿ ಮಾಡಿದುದು ೧೮೫೮ರಲ್ಲಿ. ಶಾಸನಗಳನ್ನು ಕೈಯಿಂದ ನಕಲು ಮಾಡಿ ಕಣ್ಣು ಕಳೆದುಕೊಂಡವರ ಶ್ರಮವನ್ನು ಬಲ್ಲವರಿಗೆ ಈ ಸಾಹಸದ ಬೆಲೆ ಗೊತ್ತು. ಮದರಾಸಿಗೆ ಗವರ್ನರಾಗಿ ಬಂದ ಟ್ರೆವೆಲಿಯನ್ನನು ಇದೆಲ್ಲ ದುಂದು ವೆಚ್ಚವೆಂದು ಆ ಹುದ್ದೆಯನ್ನೇ ನಿಲ್ಲಿಸಿಬಿಟ್ಟನು.

ಮದರಾಸಿನಲ್ಲಿ ಡಾಕ್ಟರ್ ಹಂಟರನು ೧೮೫೦ರಲ್ಲಿ ಸ್ಥಾಪಿಸಿದ ಕಲಾಶಾಲೆಯ ವಿದ್ಯಾರ್ಥಿಗಳೂ ಆ ಕಾಲದಲ್ಲಿ ಛಾಯಾಗ್ರಹಣವನ್ನು ಕಲಿತರು. ಅವರಲ್ಲಿ ಅಯ್ಯಾಸ್ವಾಮಿ ಎಂಬಾತನ ಹೆಸರು ಉಳಿದಿದೆ. ನಾನು ನೋಡಿದ ಪುಸ್ತಕಗಳಲ್ಲಿ ಗುರುವಿನ ಟಿಪ್ಪಣಿಗಳುಂಟು, ಶಿಷ್ಯರ ಟಿಪ್ಪಣಿಗಳಿಲ್ಲ. ನನ್ನ ಮೇಜಿನ ಮೇಲಿದ್ದ ಕಟ್ಟಿಗೆ ಬೆಲೆ ಬಂದುದು ಇದರಿಂದಲೇ.

ತಾವು ಬಾಳಿದುದನ್ನು ತಾವೇ ಚಿತ್ರದಲ್ಲಿ ನೋಡುವ ಪ್ರಸಂಗ ಸಂಸ್ಕೃತ ಓದಿದವರಿಗೆ ಹೊಸದಲ್ಲ. ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕವೇ ಚಿತ್ರದರ್ಶನ. ಸೀತೆಯು ಚಿತ್ರದಲ್ಲಿ ಪಂಚವಟಿಯನ್ನು ಕಂಡು ನಡುಗುತ್ತಾಳೆ. ಇದು ಚಿತ್ರವಲ್ಲವೆ ಎಂದು ರಾಮನು ಸಂತೈಸಬೇಕಾಗುತ್ತದೆ. ಆ ದೃಶ್ಯದಲ್ಲಿ ನನಗೆ ಮೆಚ್ಚಿಕೆಯಾದುದು ಲಕ್ಷ್ಮಣನ ನಡತೆ. ತೋರಿಸುವವನು ಅವನೇ, ಊರ್ಮಿಳೆಯ ಚಿತ್ರ ಬಂದಾಗ ಮಾತ್ರ ನಾಚಿ, ಅದನ್ನು ಹೆಸರಿಸದೆ ಮುಂದಿನದಕ್ಕೆ ಕೈ ತೋರಿಸುತ್ತಾನೆ. ಚಿತ್ರ ತೋರಿಸುವವನು ಯಾವುದನ್ನು ಹಾರಿಸುತ್ತಾನೆಂಬುದರ ಮೇಲೆ ಕಣ್ಣಿಡಬೇಕೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದುಂಟು.

ಇನ್ನು ಮಕ್ಕಳ ಟಿಪ್ಪಣಿಗಳಿಗೆ ಬರೋಣ. ಮಂಜರಾಬಾದಿನ ಕೋಟೆಯ ಚಿತ್ರಗಳೇ ಏಳೆಂಟು ಇದ್ದವು. ಸಕಲೇಶಪುರದ ಮಕ್ಕಳಿಗೆ ಅದು ಸಹಜ. ಟಿಪ್ಪು ಸುಲ್ತಾನನು ಕಟ್ಟಿಸಿ ೧೭೯೨ರಲ್ಲಿ ಮುಗಿದ ಆ ಕೋಟೆಗೆ ಎಂಟು ಮೂಲೆಗಳ ನಕ್ಷತ್ರದ ಆಕಾರ. ಒಬ್ಬ ಹುಡುಗನು ಬರೆದಿದ್ದನು: "ನಕ್ಷತ್ರ ತೆಗೆಯಲು ಹೋದೆ. ಗೋಡೆ ಬಂತು. ಗೋಡೆಯ ಮೇಲೆ ಹತ್ತಿದೆ. ಇನ್ನೊಂದು ಗೋಡೆ ಬಂತು." ಕಾಗುಣಿತದಲ್ಲಿ ನಾಲ್ಕು ತಪ್ಪು, ವಿಷಯದಲ್ಲಿ ಒಂದೂ ಇಲ್ಲ. ಇಂದು ಪುಸ್ತಕಗಳಲ್ಲಿ ಕಾಣುವ ನಕ್ಷತ್ರ ಆಕಾಶದಿಂದ ತೆಗೆದುದು. ಒಳಗೆ ನಿಂತ ಸಿಪಾಯಿಗೆ ಕಂಡುದು ಈ ಹುಡುಗನಿಗೆ ಕಂಡಂತೆ ಗೋಡೆಯೇ ಇದ್ದಿರಬೇಕು. ಆ ಟಿಪ್ಪಣಿಗೆ ನಾನು ಹತ್ತಕ್ಕೆ ಹತ್ತು ಕೊಟ್ಟೆ. ಅಂಕ ಕೊಡಲು ನನ್ನನ್ನು ಯಾರೂ ಕೇಳಿರಲಿಲ್ಲವೆಂಬುದು ಬೇರೆ ಮಾತು.

ಮತ್ತೊಬ್ಬನು ಆಲೂರಿನ ಕಡೆಯ ಹುಡುಗ. ಬೇಸಗೆಯಲ್ಲಿ ಹೇಮಾವತಿಯ ಹಿನ್ನೀರು ಇಳಿದಾಗ ಹೊರಬಿದ್ದ ಒಂದು ಮನೆಯ ತಳಪಾಯದ ಕಲ್ಲುಗಳನ್ನು ತೆಗೆದಿದ್ದನು. ಗೊರೂರಿನ ಅಣೆಕಟ್ಟು ೧೯೭೯ರಲ್ಲಿ ಮುಗಿದಾಗ ಈ ಸೀಮೆಯ ಎಷ್ಟೋ ಹಳ್ಳಿಗಳು ಮುಳುಗಿದುದನ್ನು ಹಿರಿಯರು ಬಲ್ಲರು. ಶೆಟ್ಟಿಹಳ್ಳಿಯ ಇಗರ್ಜಿಯೊಂದು ನೀರಿನಲ್ಲಿ ಮುಳುಗೇಳುತ್ತ ದೂರದವರನ್ನೂ ಕರೆಯುತ್ತಿರುವುದು. ಅದರ ಚಿತ್ರಗಳಿಗೆ ಲೆಕ್ಕವಿಲ್ಲ. ಸಾಮಾನ್ಯ ಮನೆಗಳನ್ನು ಕೇಳುವವರಿಲ್ಲ. ಹುಡುಗನ ಟಿಪ್ಪಣಿ ಹೀಗಿದ್ದಿತು: "ಇದು ನಮ್ಮ ಅಜ್ಜಿಯ ಮನೆಯೋ ಪಕ್ಕದ ಮನೆಯೋ ಎಂದು ಅಜ್ಜಿಗೂ ಗುರುತು ಹತ್ತಲಿಲ್ಲ. ಮನೆ ಇದ್ದಾಗಿನ ಫೋಟೋ ಇದ್ದಿದ್ದರೆ ಹೊಂದಿಸಿ ನೋಡಬಹುದಿತ್ತು."

ಇಲ್ಲಿ ನನ್ನ ಕೆಂಪು ಲೇಖನಿ ನಿಂತುಹೋಯಿತು. ನನ್ನ ತಾಯಿಯ ತವರೂ ಆ ನೀರಿನಲ್ಲಿಯೇ ಇದೆ. ೧೯೭೫ರಲ್ಲಿ ನಾನು ಪಾಠಶಾಲೆಯ ವಿದ್ಯಾರ್ಥಿಯಾಗಿದ್ದಾಗ ಸಹಪಾಠಿಯೊಬ್ಬನು ತನ್ನ ಮಾವನ ಆಗ್‌ಫಾ ಕ್ಲಿಕ್ ಕ್ಯಾಮೆರಾವನ್ನು ತಂದಿದ್ದನು. ಒಂದು ರೀಲಿಗೆ ಹನ್ನೆರಡು ಚಿತ್ರಗಳು. ನಾವಿಬ್ಬರೂ ಬೇಲೂರಿಗೆ ಹೋಗಿ ಹನ್ನೆರಡನ್ನೂ ಮದನಿಕೆಯರಿಗೆ ಅರ್ಪಿಸಿದೆವು. ದರ್ಪಣಸುಂದರಿ ಒಬ್ಬಳಿಗೇ ಮೂರು. ಸೂರಿನ ನೆರಳಿನಲ್ಲಿರುವ ಆ ವಿಗ್ರಹಗಳು ಅಂಥ ಸಾದಾ ಪೆಟ್ಟಿಗೆಯ ಕಣ್ಣಿಗೆ ಬೀಳುವುವಲ್ಲವೆಂದು ನಮಗೆ ತಿಳಿಯದು. ಹಾಸನದಲ್ಲಿ ತೊಳೆಸಿದಾಗ ಬಂದುದು ಹನ್ನೆರಡು ಕರಿಯ ಚೌಕಗಳು. ಅದೇ ವಾರ ನಾನು ಅಜ್ಜಿಯ ಮನೆಯ ತೊಟ್ಟಿಯಲ್ಲಿ ಕುಳಿತು ಊಟಮಾಡಿದ್ದೆ. ನೀರು ಬರುವುದೆಂಬ ಸುದ್ದಿ ಊರಿಗೆಲ್ಲ ಗೊತ್ತಿದ್ದಿತು. ಮುಂಗಟ್ಟಿನ ಕಂಬ, ಕಣ, ಬಾವಿಯ ರಾಟೆ ಯಾವುದೂ ಚಿತ್ರಕ್ಕೆ ಯೋಗ್ಯವೆಂದು ನನಗೆ ತೋರಲಿಲ್ಲ. ನೂರಿಪ್ಪತ್ತು ವರ್ಷಗಳಿಂದ ದೊಡ್ಡ ದೊಡ್ಡವರು ತೆಗೆಯುತ್ತ ಬಂದುದನ್ನೇ ತೆಗೆಯುವುದು ಕಲೆಯೆಂದು ತಿಳಿದಿದ್ದೆ. ತಾಯಿಯು ಮುಂದೆ ಎಂದಾದರೂ ಇದನ್ನೆತ್ತಿ ಆಡಿದ್ದರೆ ಸುಲಭವಾಗುತ್ತಿದ್ದಿತು. ಅವರು ಆಡಲೇ ಇಲ್ಲ.

ವಿದ್ಯಾರ್ಥಿಗಳಾಗಿ ತೊಡಗಿ ಈ ವಿದ್ಯೆಯಲ್ಲಿ ಹೆಸರಾದವರು ನಮ್ಮ ನಾಡಿನಲ್ಲಿಲ್ಲದೆ ಇಲ್ಲ. ಮೈಸೂರಿನ ಬನುಮಯ್ಯ ಶಾಲೆಯಲ್ಲಿ ಓದಿದ ಟಿ. ಎಸ್. ಸತ್ಯನ್ನರು ತಮ್ಮ ಕೆಲಸವನ್ನು ತಾವೇ ನೆನೆದು ೨೦೦೫ರಲ್ಲಿ ಆತ್ಮಕಥೆಯನ್ನು ಹೊರತಂದರು. ರಾಜರಾಣಿಯರಿಗಿಂತ ಬೀದಿಯ ಮಕ್ಕಳು, ಕೂಲಿಯವರು ಅವರ ಚಿತ್ರಗಳಲ್ಲಿ ಹೆಚ್ಚು. ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಶಾಲೆಯಲ್ಲಿ ಛಾಯಾಗ್ರಹಣವನ್ನು ಕಲಿತು ೧೯೪೬ರಲ್ಲಿ ಹೊರಬಂದ ವಿ. ಕೆ. ಮೂರ್ತಿಯವರು ಚಲಚ್ಚಿತ್ರದಲ್ಲಿ ಬೆಳಕಿನ ಕೆಲಸಕ್ಕೆ ಫಾಲ್ಕೆ ಪ್ರಶಸ್ತಿಯನ್ನು ಪಡೆದರು. ನಮ್ಮ ನೆರೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬೆನ್ನು ಹತ್ತಿದುದಂತೂ ಮಕ್ಕಳಿಗೂ ಗೊತ್ತು.

ಕಟ್ಟಿನ ಕೊನೆಯಲ್ಲಿದ್ದುದು ಒಬ್ಬ ಹುಡುಗಿಯ ಚಿತ್ರ: ಕಾಫಿಯ ತೋಟದಲ್ಲಿ ಹಣ್ಣು ಕೊಯ್ಯುವ ಒಬ್ಬ ಹೆಂಗಸು. ಚಿತ್ರ ಚೆನ್ನಾಗಿಯೇ ಇದ್ದಿತು. ಟಿಪ್ಪಣಿಯಲ್ಲಿ ಆಕೆ ಚಿತ್ರದ ದೋಷವನ್ನು ಬರೆದಿರಲಿಲ್ಲ, ತನ್ನದನ್ನು ಬರೆದಿದ್ದಳು. "ಅವ್ವ ನಕ್ಕರು. ನಗಬೇಡಿ, ಕೆಲಸ ಮಾಡುವ ಹಾಗೆ ಇರಿ ಎಂದೆ. ಆಮೇಲೆ ಒಂದು ಫೋಟೋ ಕೊಡವ್ವ ಎಂದು ಕೇಳಿದರು. ಕೊಡುತ್ತೇನೆ ಎಂದೆ. ಹೆಸರು ಕೇಳಲಿಲ್ಲ." ಹಳೆಯ ಪುರಾತತ್ತ್ವ ಚಿತ್ರಗಳಲ್ಲಿ ಕಂಬದ ಪಕ್ಕಕ್ಕೆ ಒಬ್ಬ ಊರಿನವನನ್ನು ನಿಲ್ಲಿಸುವುದುಂಟು, ಕಂಬದ ಎತ್ತರ ತಿಳಿಯಲೆಂದು. ಅಳತೆಗೋಲಿಗೆ ಹೆಸರೇಕೆ? ಹುಡುಗಿಯು ಇದಾವುದನ್ನೂ ಓದಿದವಳಲ್ಲ.

ನಾನು ಕಾಗದದ ಅಂಚಿನಲ್ಲಿ "ಪ್ರತಿ ಕೊಟ್ಟೆಯೋ?" ಎಂದು ಮಾತ್ರ ಬರೆದು ಕಟ್ಟನ್ನು ಹಿಂದಿರುಗಿಸಿದೆ. ಆಷಾಢದಲ್ಲಿ ಆ ಉಪಾಧ್ಯಾಯರು ಮತ್ತೆ ಸಿಕ್ಕಿದಾಗ ಉತ್ತರವನ್ನು ತಂದಿದ್ದರು. ಹುಡುಗಿಯು ಹಾಸನದಲ್ಲಿ ಎರಡು ಪ್ರತಿ ಮಾಡಿಸಿ, ಒಂದರಲ್ಲಿ ಆಕೆ ನಕ್ಕ ಚಿತ್ರವನ್ನೇ ಹಾಕಿಸಿ, ಲೈನುಮನೆಗೆ ಹೋಗಿ ಕೊಟ್ಟು ಹೆಸರನ್ನೂ ಕೇಳಿ ಬಂದಳಂತೆ. ನಮ್ಮ ಸೀಮೆಯ ಮಳೆಗಾಲದಲ್ಲಿ ಗೋಡೆಗೆ ಹಾಕಿದ ಪಟಗಳಿಗೆ ಬೂಷ್ಟು ಹಿಡಿಯುವುದು ಆ ಹೆಂಗಸಿಗೆ ಚೆನ್ನಾಗಿ ಗೊತ್ತು. ಎರಡನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಕ್ಕಿಯ ಡಬ್ಬಿಯಲ್ಲಿ ಹುಗಿದಿಟ್ಟಿದ್ದಾಳೆಂದೂ, ದೀಪಾವಳಿಗೆ ಹೊರಗೆ ತೆಗೆದು ಕಟ್ಟು ಹಾಕಿಸುವಳೆಂದೂ ಅವರು ಹೇಳಿದರು.